ಬೂದು ದರ್ಪಣಸುಂದರಿ: 111 ದಿನದ ಚಾರ್ಜ್‌ಬ್ಯಾಕ್ ಪುರಾಣ

ಹಾಸನಾಂಬೆ ಗುಡಿಯ ಬಾಗಿಲು ಹಾಕಿದ ಮರುವಾರ, 2025ರ ಅಕ್ಟೋಬರ್ 28ರ ಮಧ್ಯಾಹ್ನ, ಮುದ್ದೆ ಮುರಿಯುತ್ತಾ ಕೂತಿದ್ದಾಗ ಬ್ಯಾಂಕಿನ ಮೆಸೇಜ್ ಬಂತು. ₹18,310 ಜಮಾ. ಎಡಗೈಯಲ್ಲೇ ಫೋನ್ ತಿರುಗಿಸಿ ಎರಡು ಸಲ ಓದಿದೆ. ಹೊರದೇಶದ ಗಿರಾಕಿಯ ತಕರಾರಿನಿಂದ ಜುಲೈ 9ಕ್ಕೆ ಶುರುವಾಗಿ, ಚಾರ್ಜ್‌ಬ್ಯಾಕ್‌ವರೆಗೆ, ಅಂದರೆ ಕೊಂಡವರು ತಮ್ಮ ಬ್ಯಾಂಕಿನ ಮೂಲಕ ಕಾರ್ಡಿನ ದುಡ್ಡನ್ನು ವಾಪಸ್ ಎಳೆದುಕೊಳ್ಳುವವರೆಗೆ ಹೋದ ತಲೆನೋವು ಅಲ್ಲಿಗೆ ಮುಗಿಯಿತು. ಇನ್ನೂ ನೆನಪು ಹಸಿಯಾಗಿದ್ದಾಗಲೇ ಬರೆದಿಡುತ್ತಿದ್ದೇನೆ. ನಮ್ಮೂರ ಕಡೆಯಿಂದ ಹೊರದೇಶಕ್ಕೆ ಕಾಫಿಪುಡಿ, ಏಲಕ್ಕಿ, ಕಲ್ಲು, ಮರ ಏನೇ ಮಾರುವವರಿದ್ದರೂ ಒಮ್ಮೆ ಓದಿಕೊಳ್ಳಿ.

ನಾನಿರುವುದು ಹಾಸನದ ಸಾಲಗಾಮೆ ರಸ್ತೆ ಕಡೆ. ನಮ್ಮ ಯಜಮಾನರ ಅಣ್ಣ ಬೇಲೂರಿನಲ್ಲಿ ಬಳಪದ ಕಲ್ಲಿನ ಕೆತ್ತನೆ ಮಾಡುತ್ತಾರೆ. ಹೊಯ್ಸಳರು ಗುಡಿ ಕಟ್ಟಿದ ಜಾತಿಯ ಕಲ್ಲೇ. ಭಾವ ಕೆತ್ತುತ್ತಾರೆ, ಫೋಟೋ ತೆಗೆಯುವುದು, ವೆಬ್‌ಸೈಟಿಗೆ ಹಾಕುವುದು, ಪ್ಯಾಕ್ ಮಾಡುವುದು ನನ್ನ ಕೆಲಸ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊರಗಿನವರ ವಿಚಾರಣೆ ಒಂದೊಂದಾಗಿ ಬರತೊಡಗಿತು. ಐದುನೂರು ರೂಪಾಯಿ ಕಟ್ಟಿ ಐಇಸಿ (ಆಮದು-ರಫ್ತಿಗೆ ಬೇಕಾದ ನೋಂದಣಿ ಸಂಖ್ಯೆ) ಮಾಡಿಸಿದೆ, ಆಡಿಟರ್ ಹತ್ತಿರ ಜಿಎಸ್‌ಟಿಯ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಹಾಕಿಸಿದೆ, ಒಂದು ಅಂತರರಾಷ್ಟ್ರೀಯ ಪೇಮೆಂಟ್ ಕಂಪನಿಯಲ್ಲಿ ಖಾತೆ ತೆರೆದೆ. ಕಂಪನಿಯ ಹೆಸರು ಬೇಡ. ಯಾವುದಾದರೂ ಕತೆ ಹೆಚ್ಚುಕಮ್ಮಿ ಇಷ್ಟೇ.

ಖಾತೆ ತೆರೆಯುವಾಗ ದೊಡ್ಡ ಅಕ್ಷರದಲ್ಲಿ ‘ಮಾರಾಟಗಾರರ ರಕ್ಷಣೆ’ ಅಂತಿತ್ತು. ಅದನ್ನು ನೋಡಿಯೇ ನಾನು ನಿಶ್ಚಿಂತೆಯಾಗಿದ್ದೆ. ನಮಗೆ ಯುಪಿಐ ಅಭ್ಯಾಸ ನೋಡಿ. ಸ್ಪೀಕರ್ ‘ಬಂದಿದೆ’ ಅಂದರೆ ದುಡ್ಡು ಬಂತು, ಗಿರಾಕಿ ಹೋದ, ಲೆಕ್ಕ ಮುಗಿಯಿತು. ಕಾರ್ಡಿನ ದುಡ್ಡು ಹಾಗಲ್ಲ. ಅದು ಬಂದ ಮೇಲೂ ಮೂರ್ನಾಲ್ಕು ತಿಂಗಳು ಹೊಸ್ತಿಲಲ್ಲೇ ನಿಂತಿರುತ್ತದೆ, ಯಾರಾದರೂ ಕರೆದರೆ ವಾಪಸ್ ಹೊರಡುತ್ತದೆ.

ಜೂನ್ 3ಕ್ಕೆ ಇಂಗ್ಲೆಂಡಿನಿಂದ ಒಂದು ಆರ್ಡರ್. ಒಂಬತ್ತು ಇಂಚಿನ ದರ್ಪಣಸುಂದರಿ, 160 ಪೌಂಡ್. ಕೊಂಡವರು ನಿವೃತ್ತ ಮೇಷ್ಟ್ರು, ಬೇಲೂರಿಗೆ ಬಂದು ಹೋದವರಂತೆ. ಗುಡಿಯಲ್ಲಿ ಕತ್ತೆತ್ತಿ ನೋಡಿದ ಮದನಿಕೆ ಮನೆಯಲ್ಲಿ ಇರಲಿ ಅಂತ ಆಸೆ. ಕಂಪನಿಯ ಶುಲ್ಕ, ಪೌಂಡ್-ರೂಪಾಯಿ ಬದಲಾವಣೆ ಎಲ್ಲಾ ಕಳೆದು ನಮ್ಮ ಖಾತೆಗೆ ಬಿದ್ದಿದ್ದು ₹17,640.

ಮೊದಲ ಅಡ್ಡಿ ಕಳಿಸುವುದರಲ್ಲೇ. ಕಲ್ಲಿನ ವಿಗ್ರಹ ಅಂದ ಕೂಡಲೇ ಅದು ಹಳೆಯದಲ್ಲ ಅಂತ ಕಾಗದ ತನ್ನಿ ಎಂದರು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ದೇಶದಾಚೆ ಹೋಗುವಂತಿಲ್ಲ. ಹೊಸದನ್ನೂ ಹಳೆಯದರ ಹಾಗೇ ಕೆತ್ತಿದರೆ ಕಸ್ಟಮ್ಸ್‌ನವರಿಗೆ ಅನುಮಾನ ಬರುವುದು ಸಹಜ. ಪುರಾತತ್ವ ಇಲಾಖೆಯವರು ‘ಇದು ಪುರಾತನ ವಸ್ತುವಲ್ಲ’ ಅಂತ ಪ್ರಮಾಣಪತ್ರ ಕೊಡುತ್ತಾರೆ. ಭಾವನಿಗೆ ನಗು. “ಹೋದ ತಿಂಗಳು ಕೆತ್ತಿದ್ದು ಕಣಮ್ಮಾ, ಇನ್ನೂ ನನ್ನ ಉಗುರಲ್ಲಿ ಪುಡಿ ಇದೆ. ಇದನ್ನ ವಿಷ್ಣುವರ್ಧನನ ಕಾಲದ್ದು ಅಂದ್ರೆ ನಂಗೆ ಸನ್ಮಾನಾನೇ!” ಅವರು ನಗುತ್ತಿದ್ದರು, ನಾನು ಬೆಂಗಳೂರಿಗೆ ಎರಡು ಸಲ ಬಸ್ ಹತ್ತಿದೆ. ಅರ್ಜಿಯ ಜೊತೆ ನಾಲ್ಕೂ ಕಡೆಯ ಫೋಟೋ ಇಟ್ಟಿದ್ದೆ. ಆ ಫೋಟೋ ಮುಂದೆ ಕೆಲಸಕ್ಕೆ ಬಂತು, ಹೇಳುತ್ತೇನೆ.

ಜೂನ್ 19ಕ್ಕೆ ಪಾರ್ಸೆಲ್ ಹೊರಟಿತು. ಥರ್ಮಾಕೋಲ್, ಬಬಲ್ ಹಾಳೆ, ಮರದ ಪೆಟ್ಟಿಗೆ, ಕಳಿಸುವ ಖರ್ಚು ಎಲ್ಲಾ ಸೇರಿ ಐದು ಸಾವಿರದ ಹತ್ತಿರ. ಜುಲೈ 4ಕ್ಕೆ ಮೇಷ್ಟ್ರ ಕೈ ಸೇರಿತು. ಆದರೆ ಸೇರುವ ಮುಂಚೆ ಅವರಿಂದ ಬಾಗಿಲಲ್ಲಿ ತೆರಿಗೆ ಕಟ್ಟಿಸಿಕೊಂಡಿದ್ದರು. ಬ್ರಿಟನ್ನಿನಲ್ಲಿ 2021ರ ಜನವರಿಯಿಂದ ಹೀಗೆ: ಮಾಲಿನ ಬೆಲೆ 135 ಪೌಂಡ್ ಒಳಗಿದ್ದರೆ ವ್ಯಾಟ್ ಮಾರುವಾಗಲೇ ಹಿಡಿಯಬೇಕು; ಮೇಲಿದ್ದರೆ ಅದು ಗಡಿಯಲ್ಲಿ, ತರಿಸಿಕೊಂಡವರ ತಲೆಗೆ. ನಾನು ಅದನ್ನು ಅವರಿಗೆ ಹೇಳಿರಲಿಲ್ಲ. ಗೊತ್ತಿದ್ದರಲ್ಲವೇ ಹೇಳುವುದು. ಹೀಗೆ ಸಿಟ್ಟಿನಲ್ಲೇ ಪೆಟ್ಟಿಗೆ ಬಿಚ್ಚಿದವರ ಕಣ್ಣಿಗೆ ಬಿದ್ದದ್ದು ಬೂದು ಬಣ್ಣದ ಬೊಂಬೆ.

ವೆಬ್‌ಸೈಟಿನಲ್ಲಿ ಇದ್ದದ್ದು ಕರಿ ಬೊಂಬೆ.

ಬಳಪದ ಕಲ್ಲಿನ ಗುಣ ಗೊತ್ತಿಲ್ಲದವರಿಗೆ ಒಂದು ಮಾತು. ಉಜ್ಜಿ ನಯ ಮಾಡಿದಾಗ ಅದು ಹಸಿರು ಬೆರೆತ ಬೂದು. ಎಣ್ಣೆ ಸವರಿದರೆ ಕಣ್ಣೆದುರೇ ಕಪ್ಪಾಗುತ್ತದೆ. ನಾನು ಫೋಟೋ ತೆಗೆದದ್ದು ಎಣ್ಣೆ ಸವರಿದ ಹಳೇ ಬೊಂಬೆಯದು, ಚೆನ್ನಾಗಿ ಕಾಣುತ್ತದೆ ಅಂತ. ಕಳಿಸಿದ್ದು ಎಣ್ಣೆ ಹಚ್ಚದ್ದು. ಹಚ್ಚಿ ಕಟ್ಟಿದರೆ ಬಬಲ್ ಹಾಳೆಗೆ ಜಿಡ್ಡು ಅಂಟಿ ಮೈಮೇಲೆ ಗುಳ್ಳೆಗುಳ್ಳೆ ಗುರುತು ಬೀಳುತ್ತದೆ. ನಮಗೆ ಇದು ಹೇಳುವಷ್ಟು ದೊಡ್ಡ ವಿಷಯವೇ ಅಲ್ಲ. ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು?

ಜುಲೈ 9ಕ್ಕೆ ಈಮೇಲ್: ‘ವಸ್ತು ವಿವರಣೆಗೆ ಹೊಂದುವುದಿಲ್ಲ’ ಎಂದು ದೂರು. ಅದೇ ನಿಮಿಷ ನನ್ನ ಖಾತೆಯಲ್ಲಿ 160 ಪೌಂಡ್ ಮೈನಸ್. ದುಡ್ಡು ಆಗಲೇ ಬ್ಯಾಂಕಿಗೆ ಬಂದು ಭಾವನಿಗೆ ಕೊಟ್ಟಾಗಿತ್ತು. ಆ ವಾರ ಜರ್ಮನಿಯ ಒಬ್ಬರು ಕೊಂಡ ಪುಟ್ಟ ನಂದಿಯ ದುಡ್ಡು ಬಂತು, ಬಂದದ್ದೇ ಮೈನಸ್ಸಿಗೆ ಜಮೆಯಾಗಿ ಮಾಯವಾಯಿತು. ಅಂದು ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿಗಿಂತ ಹೆಚ್ಚಾಗಿ, ಮೋಸ ಮಾಡಿದವಳ ಹಾಗೆ ಉತ್ತರ ಕೊಡಬೇಕಲ್ಲ ಅನ್ನುವುದು ಚುಚ್ಚುತ್ತಿತ್ತು.

ಉತ್ತರಕ್ಕೆ ಹತ್ತು ದಿನ ಕೊಟ್ಟಿದ್ದರು. ನಾನು ‘ಮಾರಾಟಗಾರರ ರಕ್ಷಣೆ’ಯ ಪುಟ ತೆಗೆದು ಓದಿ, ಅದರ ಸಾಲುಗಳನ್ನೇ ಎತ್ತಿ ಬರೆದು ಗತ್ತಿನಿಂದ ಕಳಿಸಿದೆ. ಮೂರು ದಿನಕ್ಕೆ ಮರುಉತ್ತರ: ನೀವು ಉಲ್ಲೇಖಿಸಿರುವುದು ಅಮೆರಿಕದ ಖಾತೆದಾರರ ಒಪ್ಪಂದ, ನಿಮ್ಮ ಖಾತೆಗೆ ಭಾರತದ್ದು ಅನ್ವಯ. ಪುಟದ ತೀರಾ ಕೆಳಗೆ ಸಣ್ಣ ಬಾವುಟದ ಗುರುತು ಒಂದಿತ್ತು. ಅದನ್ನು ಒತ್ತಿ ದೇಶ ಬದಲಾಯಿಸಿದರೆ ಪುಟವೇ ಬದಲಾಗುತ್ತದೆ. ಲೋಗೋ ಅದೇ, ತಲೆಬರಹ ಅದೇ, ಒಳಗಿನ ಷರತ್ತು ಬೇರೆ. ನೀವು ಮೊದಲು ಮಾಡಬೇಕಾದ ಕೆಲಸ ಇದು: ಆ ಬಾವುಟ ನೋಡಿ, ನಿಮ್ಮ ದೇಶದ ಪುಟವನ್ನೇ ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಸರಿಯಾದ ಪುಟ ಓದಿದ ಮೇಲೆ ಇನ್ನೊಂದು ಏಟು. ರಕ್ಷಣೆ ಇರುವುದು ಎರಡೇ ತಕರಾರಿಗೆ: ‘ಮಾಲು ಬರಲಿಲ್ಲ’ ಮತ್ತು ‘ನಾನು ಪಾವತಿ ಮಾಡಲೇ ಇಲ್ಲ’. ‘ಬಂತು, ಆದರೆ ಹೇಳಿದ ಹಾಗಿಲ್ಲ’ ಅಂದರೆ ರಕ್ಷಣೆ ಇಲ್ಲ. ಅಲ್ಲಿ ನಾವು ವಾದ ಮಾಡಿಯೇ ಗೆಲ್ಲಬೇಕು.

ಇಂಗ್ಲೆಂಡಿನ ರೆಡಿಂಗ್‌ನಲ್ಲಿರುವ ಚಿಕ್ಕಮ್ಮನ ಮಗನಿಗೆ ಫೋನ್ ಹಚ್ಚಿದೆ. ಅವನು ಅಲ್ಲೇ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾನೆ. “ಅಕ್ಕಾ, ಅವರು ಕೊಟ್ಟಿದ್ದು ಡೆಬಿಟ್ ಕಾರ್ಡಾ, ಕ್ರೆಡಿಟ್ ಕಾರ್ಡಾ?” ಅಂದ. ಯಾವುದಾದರೇನು ಅಂದೆ. “ಅದರಲ್ಲೇ ಇರೋದು ಎಲ್ಲಾ. ಇಲ್ಲಿ 1974ರ ಒಂದು ಸಾಲದ ಕಾಯ್ದೆ ಇದೆ, ಅದರ 75ನೇ ಸೆಕ್ಷನ್. ನೂರು ಪೌಂಡಿಗಿಂತ ಮೇಲೆ, ಮೂವತ್ತು ಸಾವಿರದೊಳಗಿನ ಬೆಲೆಯ ಸಾಮಾನನ್ನ ಕ್ರೆಡಿಟ್ ಕಾರ್ಡಲ್ಲಿ ತಗೊಂಡ್ರೆ ಅಂಗಡಿಯವನಷ್ಟೇ ಬ್ಯಾಂಕೂ ಜವಾಬ್ದಾರಿ. ಪರದೇಶದ ಅಂಗಡಿಯಾದ್ರೂ ಅಷ್ಟೇ, 2007ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪೇ ಕೊಟ್ಟಿದೆ. ಡೆಬಿಟ್ ಕಾರ್ಡಾದ್ರೆ ಈ ಕಾಯ್ದೆ ಇಲ್ಲ, ಕಾರ್ಡ್ ಕಂಪನಿಯ ಚಾರ್ಜ್‌ಬ್ಯಾಕ್ ನಿಯಮ ಮಾತ್ರ.” ಆಮೇಲೆ ಸ್ವಲ್ಪ ತಡೆದು, “ನಿಂಗೆ ಇನ್ನೊಂದು ಹೇಳ್ಲಾ ಬೇಡ್ವಾ ಅಂತ ಯೋಚಿಸ್ತಿದೀನಿ” ಅಂದ.

ಹೇಳಿದ. ಬ್ರಿಟನ್ನಿನಲ್ಲಿ 2013ರ ನಿಯಮದಂತೆ ಆನ್‌ಲೈನ್ ಖರೀದಿಯನ್ನು ಮಾಲು ಕೈಸೇರಿದ 14 ದಿನದೊಳಗೆ ಕಾರಣವನ್ನೇ ಹೇಳದೆ ರದ್ದು ಮಾಡಬಹುದು. ಯುರೋಪಿನ ಒಕ್ಕೂಟದಲ್ಲೂ ಇದೇ 14 ದಿನ. ಈ ಹಕ್ಕು ಇದೆ ಅಂತ ಅಂಗಡಿಯವರು ಮುಂಚೆಯೇ ತಿಳಿಸದಿದ್ದರೆ ಆ ಗಡುವು ಹನ್ನೆರಡು ತಿಂಗಳವರೆಗೆ ಬೆಳೆಯುತ್ತದೆ. ಆ ದೇಶದವರಿಗೆ ಅಂತಲೇ ಪೌಂಡಿನಲ್ಲಿ ಬೆಲೆ ಹಾಕಿ ಮಾರಿದ್ದೇನೆ, ಆದ್ದರಿಂದ ನಾನು ಹೊರಗಿನವಳು ಅನ್ನುವ ನೆಪ ಗಟ್ಟಿಯಾಗಿ ನಿಲ್ಲುವುದಿಲ್ಲ. ಗಿರಾಕಿ ಹೇಳಿದಂತೆಯೇ ಹೆಸರು ಕೆತ್ತಿ ಮಾಡಿಕೊಟ್ಟಂಥ ಮಾಲಿಗೆ ಇದರಿಂದ ವಿನಾಯಿತಿ. ನನ್ನ ಮೇಷ್ಟ್ರಿಗೆ ಬಣ್ಣದ ತಕರಾರು ತೆಗೆಯುವ ಅಗತ್ಯವೇ ಇರಲಿಲ್ಲ.

ಇಂಗ್ಲೆಂಡಿನವರದ್ದು ಅತಿಯಾಯಿತು ಅಂತ ಬೈದುಕೊಳ್ಳೋಣವೆಂದರೆ, ನಮ್ಮ ಆಡಿಟರ್ ಅದಕ್ಕೂ ಬಿಡಲಿಲ್ಲ. ನಮ್ಮ 2020ರ ಇ-ಕಾಮರ್ಸ್ ನಿಯಮದಲ್ಲೂ ಜಾಹೀರಾತಿನಲ್ಲಿ ತೋರಿಸಿದ ಹಾಗೆ ಮಾಲು ಇಲ್ಲದಿದ್ದರೆ ಮಾರಿದವರು ವಾಪಸ್ ತಗೊಳ್ಳುವುದಿಲ್ಲ ಅನ್ನುವಂತಿಲ್ಲ. ಬೆಂಗಳೂರಿನವರು ಕೊಂಡಿದ್ದರೂ ನಾನು ಇದೇ ಕಟಕಟೆಯಲ್ಲಿ ನಿಲ್ಲುತ್ತಿದ್ದೆ.

ಆಗಸ್ಟ್ 6ಕ್ಕೆ ಕಂಪನಿಯ ತೀರ್ಮಾನ: ಕೊಂಡವರು ತಮ್ಮ ಖರ್ಚಿನಲ್ಲಿ ಮಾಲು ಹಿಂದಕ್ಕೆ ಕಳಿಸಲಿ, ತಲುಪಿದ ಮೇಲೆ ಹಣ ವಾಪಸ್. ಮೂರೂವರೆ ಕೆಜಿ ಕಲ್ಲನ್ನು ಇಂಗ್ಲೆಂಡಿನಿಂದ ಹಾಸನಕ್ಕೆ ಯಾರು ಕಳಿಸುತ್ತಾರೆ? ಅವರು ಕಳಿಸಲಿಲ್ಲ. ಗಡುವು ಮುಗಿದು 18ಕ್ಕೆ ನನ್ನ ಮೈನಸ್ ಮಾಯವಾಯಿತು. ವರಮಹಾಲಕ್ಷ್ಮಿ ಹಬ್ಬ ಕಳೆದು ಹತ್ತು ದಿನ, ಲಕ್ಷ್ಮಿ ತಡವಾಗಿಯಾದರೂ ಬಂದಳು ಅಂದುಕೊಂಡೆ.

ಮೂರು ದಿನ ಇದ್ದಳು. 21ಕ್ಕೆ ಚಾರ್ಜ್‌ಬ್ಯಾಕ್ ಬಂತು. ಕಂಪನಿಯಲ್ಲಿ ಮುಗಿದದ್ದು ಬ್ಯಾಂಕಿಗೆ ಮುಗಿದಂತಲ್ಲ ಅಂತ ಅವತ್ತು ಕಲಿತೆ. ಕಾರ್ಡ್ ಕಂಪನಿಗಳ ನಿಯಮದಲ್ಲಿ ಇಂಥ ತಕರಾರಿಗೆ ಸಾಮಾನ್ಯವಾಗಿ 120 ದಿನ ಇರುತ್ತದೆ. ಈ ಸಲ ಮೈನಸ್ ಅಲ್ಲ, ಸೀದಾ ಬ್ಯಾಂಕ್ ಖಾತೆಯಿಂದಲೇ ಕತ್ತರಿಸಿದರು: ₹18,870. ಜೊತೆಗೆ ಚಾರ್ಜ್‌ಬ್ಯಾಕ್ ಶುಲ್ಕ ₹1,450. ಬಂದದ್ದು 17,640, ಹೋದದ್ದು 20,320. ಉತ್ತರಕ್ಕೆ ಏಳು ದಿನ. ಗೌರಿ ಹಬ್ಬದ ವಾರವೇ.

ಮಾರನೇ ದಿನ ಬೇಲೂರಿಗೆ ಹೋದೆ. ಭಾವ ಜಗಲಿಯ ಮೇಲೆ ಕೂತು ಬೇರೆ ಕಲ್ಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದರು. ಎಲ್ಲಾ ಕೇಳಿ, “ಕನ್ನಡಿ ಹಿಡ್ಕೊಂಡಿರೋಳೇ ಅವಳು. ಅವಳಿಗೇ ಬಣ್ಣ ಸರಿ ಇಲ್ಲ ಅಂತಾರಾ?” ಅಂದರು. ನನಗೆ ನಗು ಬರಲಿಲ್ಲ. “ಭಾವ, ನೀವು ಎಣ್ಣೆ ಹಚ್ಚೋದನ್ನ ವಿಡಿಯೋ ಮಾಡ್ಕೋಬೇಕು” ಅಂದೆ. ಕೈ ಮುರಿದು ಮೂಲೆ ಸೇರಿದ್ದ ಒಂದು ಬೊಂಬೆ ತಂದರು. ಹಳೇ ಬನಿಯನ್ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ, ಎಡಗಡೆ ಅರ್ಧಕ್ಕೆ ಮಾತ್ರ ಒರೆಸಿದರು. ಮೂಗಿನ ನಡುವಿನಿಂದ ಗೆರೆ ಎಳೆದ ಹಾಗೆ ಒಂದು ಕೆನ್ನೆ ಕಪ್ಪು, ಒಂದು ಕೆನ್ನೆ ಬೂದು. ಕಪ್ಪಾದ ಕಡೆ ಸರದ ಒಂದೊಂದು ಮಣಿಯೂ ಎದ್ದು ಬಂತು. 47 ಸೆಕೆಂಡಿನ ವಿಡಿಯೋ.

ಏಳು ದಿನದೊಳಗೆ ನಾನು ಕಳಿಸಿದ್ದು ಇವು: ಪುರಾತತ್ವದವರ ಪ್ರಮಾಣಪತ್ರ, ಅದರಲ್ಲಿ ಅಂಟಿಸಿದ್ದ ತಾರೀಖು ಸಹಿತದ ಬೂದು ಬೊಂಬೆಯ ಫೋಟೋ (ಬೇರೆ ಬೊಂಬೆ ಕಳಿಸಿಲ್ಲ, ಇದನ್ನೇ ಕಳಿಸಿದ್ದು ಅನ್ನುವುದಕ್ಕೆ), ಬಿಲ್ಲು, ತಲುಪಿದ ದಾಖಲೆ, ವಿಡಿಯೋದ ನಾಲ್ಕು ಚಿತ್ರ. ವಿಡಿಯೋ ಅಪ್‌ಲೋಡ್ ಆಗುವುದಿಲ್ಲ. ಪಿಡಿಎಫ್ ಮಾತ್ರ, ಅದೂ ಸಣ್ಣ ಗಾತ್ರದ್ದು. ಹೊಸದಾಗಿ ಮಾಡುವವರು ಉದ್ದುದ್ದ ಪ್ರಬಂಧ ಬರೆಯಬೇಡಿ. ಅದನ್ನು ಓದುವವರು ದಿನಕ್ಕೆ ಎಷ್ಟು ನೋಡುತ್ತಾರೋ. ಒಂದು ಪುಟದಲ್ಲಿ ತಾರೀಖುವಾರು ಬರೆದು, ಪಕ್ಕದಲ್ಲಿ ಯಾವ ದಾಖಲೆ ಎಷ್ಟನೇ ಪುಟ ಅಂತ ಹಾಕಿ.

ತಲುಪಿದ ದಾಖಲೆಯ ಬಗ್ಗೆ ಒಂದು ಗುಟ್ಟು. ಅಂಚೆಯಲ್ಲಿ ಕಳಿಸಿದರೆ ರಸೀದಿಯಲ್ಲಿ 13 ಅಕ್ಷರ-ಅಂಕಿಯ ಸಂಖ್ಯೆ ಇರುತ್ತದೆ, ಕೊನೆಯಲ್ಲಿ ನಮ್ಮ ದೇಶದ ಎರಡಕ್ಷರ. ಆ ಸಂಖ್ಯೆಯನ್ನು ಮಾಲು ಹೋದ ದೇಶದ ಅಂಚೆಯ ವೆಬ್‌ಸೈಟಿನಲ್ಲೂ ಹಾಕಿ ನೋಡಬಹುದು. ಅಲ್ಲಿನವರ ಪುಟವನ್ನು ಅಲ್ಲಿನ ಬ್ಯಾಂಕು ಬೇಗ ನಂಬುತ್ತದೆ. ಆ ದಾಖಲೆ ವರ್ಷಗಟ್ಟಲೆ ಅಲ್ಲಿ ಇರುವುದಿಲ್ಲ, ತಲುಪಿದ ದಿನವೇ ಉಳಿಸಿಟ್ಟುಕೊಳ್ಳಿ.

ಈ ನಡುವೆ ಅಮೆರಿಕದ ಕತೆಯನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಅದು ಇನ್ನೊಂದೇ ರೀತಿ. ಹಿಂದಿನ ಚಳಿಗಾಲದಲ್ಲಿ ಅಲ್ಲಿಗೆ ಒಂದು ಗಣಪತಿ ಹೋಗಿತ್ತು. ದುಡ್ಡು ಕಟ್ಟಿದ ಮೇಲೆ ಗಿರಾಕಿ ಈಮೇಲ್ ಮಾಡಿ, ಈ ವಿಳಾಸ ಬೇಡ, ತಂಗಿಯ ಮನೆಗೆ ಕಳಿಸಿ ಅಂದ. ಪಾಪ ಅಂತ ಕಳಿಸಿದೆ. ಎರಡು ತಿಂಗಳ ಮೇಲೆ ಕಾರ್ಡಿನ ನಿಜವಾದ ಒಡೆಯ ‘ಈ ಪಾವತಿ ನನ್ನದಲ್ಲ’ ಅಂದ. ಅದು ರಕ್ಷಣೆ ಇರುವ ತಕರಾರೇ, ಆದರೆ ಪಾವತಿಯ ಪುಟದಲ್ಲಿದ್ದ ವಿಳಾಸಕ್ಕೇ ಕಳಿಸಿದ್ದರೆ ಮಾತ್ರ. ₹9,200 ಹೋಯಿತು, ಗಣಪತಿಯೂ ಹೋದ. ನಮ್ಮಲ್ಲಿ 2009ರಿಂದಲೇ ರಿಸರ್ವ್ ಬ್ಯಾಂಕ್ ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ದೃಢೀಕರಣ ಕಡ್ಡಾಯ ಮಾಡಿದೆ. ಯುರೋಪಿನಲ್ಲಿ ಅಂಥದ್ದೇ ನಿಯಮ 2019ರ ಸೆಪ್ಟೆಂಬರಿನಿಂದ. ಅಮೆರಿಕದಲ್ಲಿ ಹಾಗೆ ಕಡ್ಡಾಯ ಮಾಡುವ ಕಾನೂನಿಲ್ಲ; ಕಾರ್ಡಿನ ನಂಬರ್ ಗೊತ್ತಿದ್ದರೆ ಓಟಿಪಿ ಇಲ್ಲದೆಯೂ ಪಾವತಿ ನಡೆದುಹೋಗುತ್ತದೆ. ಅಲ್ಲಿನ ಕಾಯ್ದೆಯಲ್ಲಿ ಕ್ರೆಡಿಟ್ ಕಾರ್ಡ್ ದುರ್ಬಳಕೆಯಾದರೆ ಒಡೆಯನ ಹೊಣೆ ಹೆಚ್ಚೆಂದರೆ 50 ಡಾಲರ್. ಮಿಕ್ಕಿದ್ದು ಯಾರದೋ ತಲೆಗೆ ಬರಬೇಕಲ್ಲ, ಹಾಸನದ ತಲೆಗೆ ಬಂತು. ನಿಮ್ಮ ಪೇಮೆಂಟ್ ಸೆಟ್ಟಿಂಗಿನಲ್ಲಿ ‘3ಡಿ ಸೆಕ್ಯೂರ್’ (ಓಟಿಪಿಯಂಥ ಎರಡನೇ ದೃಢೀಕರಣ) ಅಂತ ಇದ್ದರೆ ವಿದೇಶಿ ಕಾರ್ಡಿಗೂ ಆನ್ ಮಾಡಿಸಿ. ಹಾಗೆ ದೃಢೀಕರಣವಾದ ಪಾವತಿಯಲ್ಲಿ ‘ನನ್ನದಲ್ಲ’ ತಕರಾರಿನ ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಕೆಲವು ಗಿರಾಕಿಗಳು ಅರ್ಧಕ್ಕೆ ಬಿಟ್ಟು ಹೋಗುತ್ತಾರೆ, ಹೋಗಲಿ.

ನಾನು ಚಾರ್ಜ್‌ಬ್ಯಾಕಿಗೆ ಉತ್ತರ ಸಿದ್ಧ ಮಾಡುತ್ತಿದ್ದ ಆ ವಾರವೇ, ಆಗಸ್ಟ್ 25ರಿಂದ ಅಮೆರಿಕಕ್ಕೆ ಅಂಚೆ ಪಾರ್ಸೆಲ್ ನಿಂತಿತು, ಅವರ ಸುಂಕದ ಹೊಸ ಆದೇಶದಿಂದ. ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಆಗ ಕೈಯಲ್ಲಿ ಅಲ್ಲಿನ ಒಂದು ಆರ್ಡರ್ ಇತ್ತು. ಕಾಯಿರಿ ಅಂತ ಹೇಳದೆ ಅವತ್ತೇ ನಾನಾಗಿ ಹಣ ಹಿಂದಿರುಗಿಸಿದೆ. ಕಂಪನಿಯ ಶುಲ್ಕ ಮಾತ್ರ ಕೈಬಿಟ್ಟಿತು, ‘ಮಾಲು ಬರಲಿಲ್ಲ’ ಅನ್ನುವ ಇನ್ನೊಂದು ಕೇಸು ತಪ್ಪಿತು.

ಮೇಷ್ಟ್ರ ವಿಷಯಕ್ಕೆ ಬರೋಣ. ದಾಖಲೆ ಕಳಿಸಿದ ರಾತ್ರಿ, ಚಿಕ್ಕಮ್ಮನ ಮಗ ಬೇಡವೆಂದರೂ, ಅವರಿಗೇ ನೇರ ಬರೆದೆ. ವಾದ ಮಾಡಲಿಲ್ಲ. ತೆರಿಗೆಯ ಬಗ್ಗೆ ಮೊದಲೇ ಹೇಳದ್ದು ತಪ್ಪು, ಎಣ್ಣೆ ಸವರಿದ ಬೊಂಬೆಯ ಫೋಟೋ ಹಾಕಿದ್ದೂ ತಪ್ಪು, ಕಲ್ಲು ಮಾತ್ರ ಅದೇ. ಅಡುಗೆಮನೆಯಲ್ಲಿ ಯಾವ ಎಣ್ಣೆ ಇದ್ದರೂ ಪೀಠದ ತಳಭಾಗಕ್ಕೆ ಒಂದು ಹನಿ ಹಚ್ಚಿ ನೋಡಿ ಅಂತ ಬರೆದು ವಿಡಿಯೋದ ಕೊಂಡಿ ಇಟ್ಟೆ. ಐದು ದಿನ ಸದ್ದಿಲ್ಲ. ಸೆಪ್ಟೆಂಬರ್ 2ಕ್ಕೆ ಒಂದು ಫೋಟೋ ಬಂತು, ಪತ್ರ ಎರಡೇ ಸಾಲು. ಕಿಟಕಿಯ ಕಟ್ಟೆಯ ಮೇಲೆ ಮೊಣಕಾಲಿನವರೆಗೆ ಕಪ್ಪು, ಮೇಲೆಲ್ಲಾ ಬೂದು. ‘ಆಲಿವ್ ಎಣ್ಣೆ ಮುಗಿಯಿತು, ನಾಳೆ ತರುತ್ತೇನೆ. ಬ್ಯಾಂಕಿಗೆ ಹೇಳುತ್ತೇನೆ.’

ಇಲ್ಲೇ ಹೆಚ್ಚಿನವರು ಎಡವುತ್ತಾರೆ, ನಾನೂ ಎಡವುತ್ತಿದ್ದೆ. ಗಿರಾಕಿ ‘ಬಿಟ್ಟೆ’ ಅಂದ ಮಾತ್ರಕ್ಕೆ ಚಾರ್ಜ್‌ಬ್ಯಾಕ್ ನಿಲ್ಲುವುದಿಲ್ಲ. ಅವರು ತಮ್ಮ ಬ್ಯಾಂಕಿಗೆ ಬರಹದಲ್ಲಿ ಹೇಳಬೇಕು, ಬ್ಯಾಂಕಿನ ಪತ್ರದ ಪ್ರತಿ ನಮಗೆ ಕಳಿಸಬೇಕು, ಅದನ್ನು ನಾವು ನಮ್ಮ ಕಂಪನಿಗೆ ಹಾಕಬೇಕು. ಗಿರಾಕಿ ಬಿಟ್ಟರು ಅಂತ ಉತ್ತರವನ್ನೇ ಕೊಡದೆ ಗಡುವು ಮೀರಿಸಿದರೆ ಸೋತ ಹಾಗೆ. ಇನ್ನೊಂದು: ಚಾರ್ಜ್‌ಬ್ಯಾಕ್ ನಡೆಯುತ್ತಿರುವಾಗ ಕನಿಕರದಿಂದ ಬೇರೆ ದಾರಿಯಲ್ಲಿ ಹಣ ವಾಪಸ್ ಹಾಕಬೇಡಿ, ಎರಡು ಸಲ ಹೋಗುತ್ತದೆ.

ಬ್ಯಾಂಕಿನ ಪತ್ರ ಬರಲು ಮೂರು ವಾರ. ನಾನು ಹಾಕಿದ್ದು ಸೆಪ್ಟೆಂಬರ್ 24. ಆಮೇಲೆ ಬರೀ ‘ಪರಿಶೀಲನೆಯಲ್ಲಿದೆ’. ನಡುವೆ ಆಡಿಟರ್ ಫೋನು: ರಫ್ತಿನ ಹಣ ಗಡುವಿನೊಳಗೆ ದೇಶಕ್ಕೆ ಬಂದ ದಾಖಲೆ ಇರಬೇಕಲ್ಲ ವಿದೇಶಿ ವಿನಿಮಯದ ಕಾಯ್ದೆ ಫೆಮಾದಲ್ಲಿ, ನಿಮ್ಮದು ಬಂತೋ ಹೋಯಿತೋ? “ಸಾರ್, ಬಂದು, ಹೋಗಿ, ಬಂದು, ಹೋಗಿದೆ” ಅಂದೆ. ಅವರು ಪ್ರತಿಯೊಂದು ಜಮೆ-ಕಡಿತದ ಕಾಗದ ಇಟ್ಟುಕೊಳ್ಳಿ ಅಂದರು. ಇಟ್ಟಿದ್ದೆ. ಫೈಲಿನ ದಪ್ಪ ನೋಡಿ ಯಜಮಾನರು, ಬೊಂಬೆಗಿಂತ ಇದೇ ಭಾರ ಅಂದರು.

ಕೊನೆಗೆ ಬಂದದ್ದು 18,310. ಹೋದದ್ದರ ಲೆಕ್ಕದಲ್ಲಿ 2,010 ಕಮ್ಮಿ, ಅದರಲ್ಲಿ ಶುಲ್ಕವೇ 1,450. ಬೆಂಗಳೂರಿನ ಬಸ್ ಚಾರ್ಜು ಇದರಲ್ಲಿ ಸೇರಿಲ್ಲ.

ಈಗ ವೆಬ್‌ಸೈಟಿನಲ್ಲಿ ಪ್ರತಿ ಬೊಂಬೆಗೂ ಎರಡು ಫೋಟೋ, ಎಣ್ಣೆಗೆ ಮುಂಚಿನದು ಮತ್ತು ಆಮೇಲಿನದು. ಬ್ರಿಟನ್, ಯುರೋಪಿನವರಿಗೆ 14 ದಿನದ ವಿಷಯ, ಹಿಂದಕ್ಕೆ ಕಳಿಸುವ ಖರ್ಚು ಅವರದು, ಅಲ್ಲಿನ ತೆರಿಗೆ ಅವರದು ಅಂತ ದುಡ್ಡು ಕಟ್ಟುವ ಪುಟದಲ್ಲೇ ಹಾಕಿದ್ದೇನೆ. ಖರ್ಚು ಯಾರದು ಅಂತ ಬರೆಯದಿದ್ದರೆ ಅದೂ ನಮ್ಮ ತಲೆಗೇ. ವಿಳಾಸ ಬದಲಿಸಿ ಅಂದವರಿಗೆ ಹಣ ಹಿಂದಿರುಗಿಸಿ, ಹೊಸ ವಿಳಾಸದಿಂದ ಮತ್ತೆ ಆರ್ಡರ್ ಮಾಡಿ ಅನ್ನುತ್ತೇನೆ. ಒಬ್ಬರು ಬೇಸರ ಮಾಡಿಕೊಂಡು ಹೋದರು.

ಮೇಷ್ಟ್ರು ಹೋದ ವಾರ ಮತ್ತೆ ಬರೆದಿದ್ದಾರೆ, ಶುಕಭಾಷಿಣಿ ಬೇಕಂತೆ. ಭಾವ ಕಲ್ಲು ಆರಿಸಿಟ್ಟಿದ್ದಾರೆ. ಪೆಟ್ಟಿಗೆಯಲ್ಲೇ ಒಂದು ಸಣ್ಣ ಶೀಶೆ ಕೊಬ್ಬರಿ ಎಣ್ಣೆ ಇಟ್ಟುಬಿಡೋಣ ಅಂದರು. ಪಾರ್ಸೆಲ್ ಕೌಂಟರಿನಲ್ಲಿ ಕೇಳಿದೆ. ಎಣ್ಣೆ ಹೋಗಲ್ಲ ಮೇಡಂ ಅಂದರು. ಆ ₹1,450 ಶುಲ್ಕದ ಬಗ್ಗೆ ಕಂಪನಿಗೆ ಹಾಕಿದ ದೂರು ಇವತ್ತು ಬೆಳಗ್ಗೆ ನೋಡಿದಾಗಲೂ ‘ಪರಿಶೀಲನೆಯಲ್ಲಿದೆ’ ಅಂತಲೇ ಇತ್ತು.